ಎರಡೂ ಕೈ ಕಾಣುವಂತೆ

ನನ್ನ ಮಗಳು ವೆನಿಟಾ ಜೈಲಿಗೆ ಹೋದದ್ದು ಸುಳ್ಳು ಹೇಳಿದ್ದಕ್ಕಲ್ಲ, ನಿಜ ಹೇಳಿದ್ದಕ್ಕೆ. ಹೇಳು ಅಂದವಳು ನಾನು. ಪಕ್ಕದ ಸೀಟಿನಲ್ಲೇ ಕೂತಿದ್ದೆ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಏನೂ ತಿಳಿಯದ ಬಡತಾಯಿ ಅಂದುಕೊಳ್ಳಬಾರದು.

ನಮ್ಮದು ಚೆಸ್ಟರ್. ಡೆಲವೇರ್ ಹೊಳೆಯ ಈ ದಂಡೆ ಪೆನ್ಸಿಲ್ವೇನಿಯಾ, ಆ ದಂಡೆ ನ್ಯೂಜೆರ್ಸಿ. ನಡುವೆ ಒಂದು ಸೇತುವೆ. ವೆನಿಟಾ ವಾರಕ್ಕೆ ಆರು ದಿನ ಅದನ್ನು ದಾಟುತ್ತಿದ್ದಳು. ಆ ಕಡೆ ಒಂದು ವೃದ್ಧಾಶ್ರಮದಲ್ಲಿ ಅವಳ ಕೆಲಸ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಒದ್ದೆಯಾದವರನ್ನು ಒರೆಸಬೇಕು. ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಬೇಕು. ತನ್ನ ಎರಡರಷ್ಟು ತೂಕದ ಗಂಡಸರನ್ನು ಮಂಚದಿಂದ ಗಾಲಿಕುರ್ಚಿಗೆ ಎತ್ತಬೇಕು. ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ಹೋಗುತ್ತಿದ್ದಳು. ಸಂಜೆ ಬಿಚ್ಚಿದರೆ ಹೊಟ್ಟೆಯ ಸುತ್ತ ಬರೆ ಬಿದ್ದಿರುತ್ತಿತ್ತು.

ಅಲ್ಲಿ ಕೆಲವು ಬಿಳಿಯ ಮುದುಕರು ಅವಳನ್ನು ಕರೆಯಬಾರದ ಹೆಸರಿನಿಂದ ಕರೆಯುತ್ತಿದ್ದರು.

"ಪಾಪ, ಅವರಿಗೆ ನೆನಪೇ ಹೋಗಿದೆಯಮ್ಮ" ಅನ್ನುತ್ತಿದ್ದಳು.

"ಹೆಂಡತಿ ಹೆಸರು ಮರೆತೋಯ್ತು, ಆ ಮಾತು ಮಾತ್ರ ಗಟ್ಟಿಯಾಗಿ ನೆನಪಿದೆ, ಅಲ್ವಾ?" ಅನ್ನುತ್ತಿದ್ದೆ. ನಗುತ್ತಿದ್ದಳು. ನಕ್ಕರೆ ಸೊಂಟ ನೋಯುತ್ತದೆ ಎಂದು ಕೈ ಒತ್ತಿಕೊಂಡು ನಗುತ್ತಿದ್ದಳು.

ನಾನೂ ಅಂಥದೇ ಕೆಲಸ ಮಾಡಿದವಳು. ಮೂವತ್ತೊಂದು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆದೆ. ರಕ್ತವಾದ ಬಟ್ಟೆಗಳು ಕೆಂಪು ಚೀಲದಲ್ಲಿ ಇಳಿದು ಬರುತ್ತಿದ್ದವು. ಯಾರ ರಕ್ತ ಎಂದು ನಾವು ಕೇಳುತ್ತಿರಲಿಲ್ಲ. ನನ್ನ ಮಗ ಲೊರೆಂಜೊನನ್ನು ಆ ಆಸ್ಪತ್ರೆಗೇ ತಂದರು. ಇಪ್ಪತ್ತೆರಡು ವರ್ಷ ಅವನಿಗೆ. ಬೀದಿ ಮೂಲೆಯ ಅಂಗಡಿಗೆ ಹಾಲಿಗೆ ಹೋಗಿದ್ದ. ಅಲ್ಲಿ ಇನ್ಯಾರದೋ ಜಗಳ, ಗುಂಡು ಇವನಿಗೆ ತಗುಲಿತು. ಅವತ್ತು ನನ್ನ ಪಾಳಿ ಇರಲಿಲ್ಲ. ಅವನ ಬಟ್ಟೆಯನ್ನು ಬೇರೆ ಯಾರೋ ಒಗೆದರು. ಯಾರೆಂದು ನಾನು ಕೇಳಲಿಲ್ಲ. ಒಗೆದವಳೂ ಹೇಳಲಿಲ್ಲ.

ಪೊಲೀಸರು ಆಮೇಲೆ ಒಂದು ಮಾತು ತಿಳಿಸಿದರು. ಆ ಪಿಸ್ತೂಲನ್ನು ಜಾರ್ಜಿಯಾದ ಅಂಗಡಿಯೊಂದರಲ್ಲಿ ಕೊಂಡಿದ್ದರಂತೆ. ಯಾರದೋ ಕಾರಿನ ಡಿಕ್ಕಿಯಲ್ಲಿ, ಇನ್ನೂ ಹತ್ತು ಪಿಸ್ತೂಲುಗಳ ಜೊತೆ, ಹೆದ್ದಾರಿಯಲ್ಲಿ ಬಂತಂತೆ. ನಾನು ಭೂಪಟ ತೆಗೆದು ಬೆರಳಿಟ್ಟು ನೋಡಿದೆ. ಆರು ರಾಜ್ಯಗಳ ಗಡಿ. ಆರು ಕಡೆ ಆ ಕಾರನ್ನು ಯಾರೂ ನಿಲ್ಲಿಸಲಿಲ್ಲ.

ಲೊರೆಂಜೊ ಹೋದಮೇಲೆ ನಮ್ಮ ಮನೆಯ ಬಾಗಿಲನ್ನು ಯಾರೋ ಎರಡು ಸಲ ಒದ್ದು ಮುರಿದರು. ಎರಡನೆಯ ಸಲ ವೆನಿಟಾ ಒಳಗಿದ್ದಳು. ತನ್ನ ಮಗು ಕೆಜಿಯಾಳನ್ನು ಅಪ್ಪಿಕೊಂಡು ಬಚ್ಚಲುಮನೆಯ ಚಿಲಕ ಹಾಕಿಕೊಂಡು ಕೂತಿದ್ದಳು. ಪೊಲೀಸರು ಬರುವಷ್ಟರಲ್ಲಿ ಒದ್ದವನು ಊಟ ಮುಗಿಸಿ ಮಲಗಿರಬಹುದು. ಮಾರನೆಯ ವಾರ ಅವಳು ಪಿಸ್ತೂಲು ತರುತ್ತೇನೆ ಅಂದಳು.

"ಈ ಮನೆಗೆ ಅದು ಬರೋದು ಬೇಡ" ಅಂದೆ.

"ಅಮ್ಮ, ಅದು ಆಗಲೇ ಈ ಮನೆಗೆ ಬಂದುಹೋಗಿದೆ. ಈ ಸಲ ನನ್ನ ಕೈಯಲ್ಲಿರ್ಲಿ."

ಅವಳು ಪಿಸ್ತೂಲು ಬಳಸಲು ಕಲಿಸುವ ತರಗತಿಗೆ ಹೋದಳು. ಬೆರಳಚ್ಚು ಕೊಟ್ಟಳು. ಶೆರಿಫ್ ಕಚೇರಿಯಲ್ಲಿ ಸಾಲಿನಲ್ಲಿ ನಿಂತು ಲೈಸೆನ್ಸ್ ಕಾರ್ಡು ತಂದಳು. ಪಿಸ್ತೂಲನ್ನು ಮರೆಯಾಗಿ ಜೊತೆಯಲ್ಲಿಟ್ಟುಕೊಂಡು ಓಡಾಡಬಹುದು ಎಂಬ ಕಾರ್ಡು. ಅದರಲ್ಲಿ ಅವಳ ಫೋಟೋ ಚೆನ್ನಾಗಿ ಬಂದಿತ್ತು. ಸರ್ಕಾರ ನನ್ನ ಮಗಳಿಗೆ ಯಾವುದಕ್ಕಾದರೂ ಹೌದು ಅಂದದ್ದು ಅದೊಂದೇ ಸಲ. ಅವಳು ಅದನ್ನು ಡ್ರೈವಿಂಗ್ ಲೈಸೆನ್ಸಿನ ಹಿಂದೆಯೇ ಇಟ್ಟುಕೊಂಡಳು. ಒಂದು ಎಲ್ಲಿ ನಡೆಯುತ್ತದೋ ಇನ್ನೊಂದೂ ಅಲ್ಲಿ ನಡೆಯುತ್ತದೆ ಅಂದುಕೊಂಡಳು.

ಇನ್ನು ಕುರ್ಚಿಯ ವಿಷಯ ಹೇಳಬೇಕು.

ನಮ್ಮ ಕಪ್ಪು ಜನ ಮಕ್ಕಳಿಗೆ ಕಾರು ಓಡಿಸುವುದನ್ನು ಕಲಿಸುವ ಮೊದಲು ಕಾರು ನಿಲ್ಲಿಸುವುದನ್ನು ಕಲಿಸುತ್ತಾರೆ. ನನ್ನಪ್ಪ ಅಡುಗೆಮನೆಯ ಎರಡು ಕುರ್ಚಿಗಳನ್ನು ಪಕ್ಕಪಕ್ಕ ಹಾಕಿ ನಮ್ಮನ್ನು ಕೂರಿಸುತ್ತಿದ್ದ. ತಾನು ಪೊಲೀಸಿನವನಾಗಿ ಮರದ ಸೌಟು ಹಿಡಿದು ಬಂದು ಕುರ್ಚಿಯ ಬೆನ್ನಿಗೆ ಟಕಟಕ ಬಡಿಯುತ್ತಿದ್ದ. ಎರಡೂ ಕೈ ಕಾಣುವಂತೆ ಮೇಲೆ. ಯಾವುದಕ್ಕೂ ಕೈ ಹಾಕಬಾರದು. ಸಾರ್ ಅನ್ನಬೇಕು. ಏನಿದ್ದರೂ ಅವನು ಕೇಳುವ ಮೊದಲೇ ಹೇಳಿಬಿಡಬೇಕು. "ಅವನಿಗೆ ಗಾಬರಿ ಆಗಬಾರದು. ಅವನಿಗೆ ಗಾಬರಿ ಆದರೆ ನೀನು ಸಾಯ್ತೀಯ" ಅನ್ನುತ್ತಿದ್ದ. ತಪ್ಪು ಮಾಡಿದರೆ ಸೌಟಿನಿಂದ ಬೆರಳಿಗೆ ಬಡಿಯುತ್ತಿದ್ದ. ಆಮೇಲೆ ಅದೇ ಬೆರಳನ್ನು ಉಜ್ಜುತ್ತಿದ್ದ.

ನಾನೂ ನನ್ನ ಇಬ್ಬರು ಮಕ್ಕಳಿಗೆ ಅವೇ ಕುರ್ಚಿಗಳನ್ನು ಹಾಕಿದೆ. ಅದೇ ಸೌಟು.

ಅವತ್ತು ಭಾನುವಾರ. ನಮ್ಮ ಚರ್ಚಿನಲ್ಲಿ ಹೆಂಗಸರನ್ನೆಲ್ಲ ಸಿಸ್ಟರ್ ಅನ್ನುತ್ತೇವೆ; ಸಿಸ್ಟರ್ ಯುಲಾಲಿಗೆ ತೊಂಬತ್ತು ತುಂಬಿತ್ತು. ಅವಳು ವೆನಿಟಾಳ ವೃದ್ಧಾಶ್ರಮದಲ್ಲೇ ಇದ್ದಳು. ಸಿಹಿಗೆಣಸಿನ ಪೈ ಮಾಡಿದ್ದೆ. ಬಿಸಿ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಕೆಲಸದ ದಿನ ವೆನಿಟಾ ಪಿಸ್ತೂಲನ್ನು ಮನೆಯಲ್ಲೇ ಬಿಡುತ್ತಿದ್ದಳು. ಭಾನುವಾರದ ಕೈಚೀಲ ಬೇರೆ. ಅದು ಆ ಚೀಲದಲ್ಲಿತ್ತು.

ಸೇತುವೆ ಇಳಿದು ಎರಡು ಮೈಲಿ ಹೋಗಿಲ್ಲ, ಹಿಂದೆ ಪೊಲೀಸ್ ಕಾರಿನ ದೀಪ ಸುತ್ತಿತು. ನಮ್ಮ ಕಾರಿನ ಹಿಂದಿನ ದೀಪವೊಂದು ಕೆಲವು ದಿನದಿಂದ ಉರಿಯುತ್ತಿರಲಿಲ್ಲ. ವೆನಿಟಾ ನಿಲ್ಲಿಸಿದಳು. ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟಳು.

"ಅಮ್ಮ, ಚೀಲದಲ್ಲಿದೆ."

"ಏನು?"

"ಅದೇ."

"ಹೇಳ್ಬಿಡು. ಅವನು ಕೇಳೋಕ್ಕೆ ಮುಂಚೆ."

"ಅವನು ದೀಪದ ವಿಷಯಕ್ಕೆ ಬರ್ತಿರೋದು ಅಷ್ಟೇ. ದಂಡದ ಚೀಟಿ ಕೊಟ್ಟು ಹೋಗ್ತಾನೆ."

"ವೆನಿಟಾ, ಕುರ್ಚಿ ಮರೆತ್ಯಾ?"

ಅವಳು ಮರೆತಿರಲಿಲ್ಲ. ಕಿಟಕಿಯ ಹತ್ತಿರ ಬಂದವನು ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ವೆನಿಟಾ ಮುಂದೆ ನೋಡುತ್ತಲೇ ಹೇಳಿದಳು. "ಆಫೀಸರ್ ಸಾರ್, ನನ್ನ ಹತ್ರ ಲೈಸೆನ್ಸ್ ಇರೋ ಪಿಸ್ತೂಲಿದೆ. ಹಿಂದಿನ ಸೀಟಿನ ಚೀಲದಲ್ಲಿದೆ. ನಾನು ಅದಕ್ಕೆ ಕೈ ಹಾಕ್ತಿಲ್ಲ."

ಅವನಿಗೆ ಗಾಬರಿಯಾಯಿತು. ಅಪ್ಪ ಅಷ್ಟು ಹೇಳಿಕೊಟ್ಟರೂ ಆಯಿತು. ಅವನ ಕೈ ಸೊಂಟಕ್ಕೆ ಹೋಯಿತು.

"ಅಲ್ಲಾಡಬೇಡಿ. ಆ ಕಡೆಯವರು, ನಿಮ್ಮ ಕೈ ಎಲ್ಲಿ?"

"ಪೈ ಹಿಡ್ಕೊಂಡಿದೀನಿ ಸಾರ್, ಬಿಸಿ ಇದೆ."

"ಕೈ ಮೇಲೆ."

ಎತ್ತಿದೆ. ತಟ್ಟೆ ತೊಡೆಯಿಂದ ಜಾರಿತು. ಪೈ ನನ್ನ ಭಾನುವಾರದ ಶೂಗಳ ಮೇಲೆ ಬಿತ್ತು. ಕಾಲು ಸುಟ್ಟಿತು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅರವತ್ತೊಂಬತ್ತು ವರ್ಷದ ಮುದುಕಿ, ಕೈ ಮೇಲೆ ಮಾಡಿಕೊಂಡು, ಪೈಯ ಬಿಸಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದೆ.

ಅವನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ಪೆನ್ಸಿಲ್ವೇನಿಯಾದ್ದು."

"ಹೌದು ಸಾರ್."

"ಇದು ನ್ಯೂಜೆರ್ಸಿ. ಇಲ್ಲಿ ಇದು ನಡೆಯಲ್ಲ."

ಬೇಡಿ ಹಾಕುವಾಗ ಒರಟಾಗಿ ಹಾಕಲಿಲ್ಲ. ಒಪ್ಪಿಕೊಳ್ಳುತ್ತೇನೆ. ವೆನಿಟಾಳನ್ನು ಅವನ ಕಾರಿನಲ್ಲಿ ಕೂರಿಸಿದ ಮೇಲೆ ನನ್ನ ಹತ್ತಿರ ಬಂದ. ತಲೆ ತಗ್ಗಿಸಿಕೊಂಡು ಹೇಳಿದ. "ಅಮ್ಮ, ಅವರು ಹೇಳದೇ ಇದ್ದಿದ್ರೆ ನಾನು ಚೀಲ ನೋಡ್ತಾನೇ ಇರ್ಲಿಲ್ಲ."

ಆ ಮಾತನ್ನು ಅವನು ಕರುಣೆಯಿಂದ ಆಡಿದ. ಇವತ್ತಿಗೂ ನನ್ನನ್ನು ತಿನ್ನುತ್ತಿರುವುದು ಅದೇ.

ಆ ರಾಜ್ಯದಲ್ಲಿ ಇದಕ್ಕೆ ಕನಿಷ್ಠ ಮೂರೂವರೆ ವರ್ಷ, ಸರ್ಕಾರಿ ವಕೀಲ ಒಪ್ಪಿದರೆ ಮಾತ್ರ ಸಡಿಲ. ಕೋರ್ಟಿನಲ್ಲಿ ನಮಗಿಂತ ಮುಂಚೆ ಒಬ್ಬ ಬಿಳಿಯನನ್ನು ಕರೆದರು. ಅವನೂ ನಮ್ಮ ಕಡೆಯವನೇ, ಪೆನ್ಸಿಲ್ವೇನಿಯಾದವನು. ಅವನದೂ ಅದೇ ತಪ್ಪು. ಪಿಸ್ತೂಲು ಟ್ರಕ್ಕಿನ ಸೀಟಿನ ಕೆಳಗಿತ್ತು. ಅವನು ಇಲ್ಲ ಅಂದಿದ್ದ, ಪೊಲೀಸರು ಹುಡುಕಿ ತೆಗೆದರು. ಅವನ ವಕೀಲ ಎದ್ದು ನಿಂತು, ಇವರು ಅಂಗಡಿ ನಡೆಸುವವರು, ಊರಿನಲ್ಲಿ ಹೆಸರಿದೆ, ಗಡಿಯ ಕಾನೂನು ತಿಳಿಯದೆ ದಾರಿ ತಪ್ಪಿದರು ಅಂದ. ಜೈಲಿಲ್ಲದೆ ಒಂದು ವರ್ಷದ ಮೇಲ್ವಿಚಾರಣೆಯಲ್ಲಿ ಬಿಟ್ಟರು. ಅವನು ಹೊರಗೆ ಹೋಗುವಾಗ ನನಗಾಗಿ ಬಾಗಿಲು ಹಿಡಿದು ನಿಂತ. ನಾನು ಹೊರಗೆ ಹೋಗುವವಳಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ.

ವೆನಿಟಾಳ ಸರದಿ ಬಂದಾಗ ಯಾರೂ ದಾರಿ ತಪ್ಪಿದಳು ಅನ್ನಲಿಲ್ಲ. "ತುಂಬಿದ ಆಯುಧ" ಅಂದರು. ನಾಲ್ಕು ಸಲ ಅಂದರು, ನಾನು ಎಣಿಸಿದೆ. ಮೂರೂವರೆ ವರ್ಷ. ಬಿಡುಗಡೆಯಾದರೂ, ಜೈಲು ಕಂಡವಳೆಂದು ಇನ್ನು ಯಾವ ವೃದ್ಧಾಶ್ರಮವೂ ಅವಳನ್ನು ಒಳಗೆ ಬಿಡುವುದಿಲ್ಲ. ಮುದುಕರನ್ನು ಹೊರಳಿಸುವುದಕ್ಕೂ ಅವಳ ಕೈ ಯಾರಿಗೂ ಬೇಡ.

ನಾನು ಮೊದಲು ಹೋದದ್ದು ಸಿಸ್ಟರ್ ಬರ್ನಡೀನ್ ಹತ್ತಿರ. ಪಿಸ್ತೂಲಿನ ಗುಂಡಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಗುಂಪು ನಡೆಸುವವಳು ಅವಳು. ಒಂಬತ್ತು ವರ್ಷ ನಾನು ಆ ಗುಂಪಿನಲ್ಲಿದ್ದೆ. ಲೊರೆಂಜೊನ ಫೋಟೋ ಹಿಡಿದು ಪ್ರತಿಭಟನೆಗೆ ಮಳೆಯಲ್ಲಿ ನಿಂತಿದ್ದೆ.

"ವೆನಿಟಾಗೋಸ್ಕರ ಒಂದು ದಿನ ನಿಲ್ಲೋಣ" ಅಂದೆ.

ಬರ್ನಡೀನ್ ಕಾಫಿ ಕಲಕಿದಳು. "ಅರ್ಡೆಲ್ಲಾ, ನಿನ್ನ ಸಂಕಟ ನನಗೆ ಗೊತ್ತು. ಆದ್ರೆ ಪಿಸ್ತೂಲು ಇಟ್ಕೊಂಡಿದ್ದವಳಿಗೋಸ್ಕರ ನಾವು ಹ್ಯಾಗೆ ನಿಲ್ಲೋದು? ಜನ ಏನಂತಾರೆ?"

"ನನ್ನ ಮಗನಿಗೆ ನಿಂತ್ರಲ್ಲ."

"ಅವನು ಬೇರೆ."

"ಇಬ್ಬರೂ ಒಂದೇ ಹೊಟ್ಟೆಯವರು ಕಣೇ."

ಅವಳು ಕಾಫಿ ಕಲಕುತ್ತಲೇ ಇದ್ದಳು. ನಾನು ಎದ್ದು ಬಂದೆ.

ಆಮೇಲೆ ಮಿಸ್ ಹ್ಯಾಡ್ಲಿ ಬಂದಳು. ಸಂಸತ್ತಿನ ಪ್ರತಿನಿಧಿಯೊಬ್ಬರ ಕಚೇರಿಯವಳು. ಚಿಕ್ಕವಳು, ಬಿಳಿಯಳು, ನಯವಾಗಿ ಮಾತಾಡುವವಳು. ವಾಷಿಂಗ್ಟನ್ನಿನಲ್ಲಿ ಒಂದು ಮಸೂದೆ ತರುತ್ತಿದ್ದಾರಂತೆ. ಮರೆಯಾಗಿ ಪಿಸ್ತೂಲು ಇಟ್ಟುಕೊಳ್ಳಲು ಒಂದು ರಾಜ್ಯ ಕೊಟ್ಟ ಲೈಸೆನ್ಸನ್ನು ಎಲ್ಲ ರಾಜ್ಯಗಳೂ ಒಪ್ಪಬೇಕು, ಡ್ರೈವಿಂಗ್ ಲೈಸೆನ್ಸಿನ ಹಾಗೆ. ಸಮಿತಿಯ ಮುಂದೆ ನಾನು ಬಂದು ವೆನಿಟಾಳ ಕಥೆ ಹೇಳಬೇಕು. ಮಸೂದೆಯ ಪ್ರತಿಯೊಂದನ್ನೂ ಕೊಟ್ಟಳು.

"ಕಾಯಿದೆ ಆದ್ರೆ ನನ್ನ ಮಗಳು ಹೊರಗೆ ಬರ್ತಾಳಾ?"

"ಅದು ಹಿಂದಿನ ಕೇಸಿಗೆ ಅನ್ವಯಿಸಲ್ಲ ಮೇಡಂ." ಅವಳು ಸುಳ್ಳು ಹೇಳಲಿಲ್ಲ. "ಆದ್ರೆ ನಮ್ಮ ಪ್ರತಿನಿಧಿಗಳು ಅಲ್ಲಿನ ಗವರ್ನರಿಗೆ ಕ್ಷಮಾದಾನಕ್ಕೆ ಪತ್ರ ಬರೀತಾರೆ. ಅವರ ಪತ್ರಕ್ಕೆ ಬೆಲೆ ಇದೆ. ನೀವು ಮಾತಾಡಿದ ಮಾರನೇ ದಿನವೇ ಹೋಗತ್ತೆ."

ಜೈಲಿನ ಭೇಟಿಯಲ್ಲಿ ವೆನಿಟಾಗೆ ಹೇಳಿದೆ. ಮೇಜಿನ ಮೇಲೆ ಎರಡೂ ಕೈ ಚಾಚಿ ಇಟ್ಟುಕೊಂಡಿದ್ದಳು. ಅಲ್ಲಿಯ ನಿಯಮ ಅದು. ಬಂದಾಗ ಒಂದು ಸಲ ಮುಟ್ಟಬಹುದು, ಹೋಗುವಾಗ ಒಂದು ಸಲ. ನಡುವೆ ಕೈ ಕಾಣುವಂತೆ ಮೇಜಿನ ಮೇಲೆ.

"ಹೋಗಮ್ಮ. ಅವರು ಏನು ಕೊಡ್ತಾರೋ ಅದನ್ನ ಓದ್ಬಿಡು. ನಾನು ಮನೆಗೆ ಬರ್ಬೇಕು."

ಹೋದೆ. ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡೆ. ರೈಲಿನಲ್ಲಿ ಮಿಸ್ ಹ್ಯಾಡ್ಲಿ ಪಕ್ಕದಲ್ಲಿ ಕೂತು ಒಂದು ಹಾಳೆ ಕೊಟ್ಟಳು.

"ನೀವು ಹೇಳಿದ್ದನ್ನೇ ಬರೆದಿದೀವಿ. ಕಷ್ಟ ಆದ್ರೆ ನಾನೇ ಓದಿ ಹೇಳ್ತೀನಿ, ಕೇಳಿಕೊಂಡು ಒಪ್ಪಿಸಿಬಿಡಿ."

ನಾನು ಓದು ಕಲಿತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಪಾಳಿ ಮುಗಿದ ಮೇಲೆ, ಚರ್ಚಿನ ನೆಲಮಹಡಿಯ ಸಂಜೆ ಶಾಲೆಯಲ್ಲಿ. ನಿಧಾನವಾಗಿ ಓದುತ್ತೇನೆ. ಒಂದೊಂದು ಪದದ ಮೇಲೂ ಬೆರಳಿಡುತ್ತೇನೆ. ಹಾಗೆ ಓದುವವರ ಕಣ್ಣಿನಿಂದ ಪದ ತಪ್ಪಿಸಿಕೊಳ್ಳುವುದಿಲ್ಲ.

ಎರಡನೆಯ ಸಾಲಿನಲ್ಲಿ ನನ್ನ ಬೆರಳು ನಿಂತಿತು. "ವೆನಿಟಾ ನನ್ನ ಏಕೈಕ ಸಂತಾನ."

"ಇದು ತಪ್ಪಾಗಿದೆ. ನಂಗೆ ಇಬ್ಬರು."

ಮಿಸ್ ಹ್ಯಾಡ್ಲಿ ನನ್ನ ತೋಳಿನ ಮೇಲೆ ಕೈಯಿಟ್ಟಳು. "ಗೊತ್ತು ಮೇಡಂ. ಈಗ ಇರೋದು ಒಬ್ಬರು, ಆ ಅರ್ಥದಲ್ಲಿ. ನಿಮ್ಮ ಮಗನ ವಿಷಯ ಬಂದ್ರೆ ಪ್ರಶ್ನೆಗಳು ಬೇರೆ ಕಡೆ ತಿರುಗತ್ವೆ. ಮಸೂದೆ ಬೇಡ ಅನ್ನೋ ಕಡೆಯವರು ಅದನ್ನೇ ಹಿಡ್ಕೊತಾರೆ. ಇವತ್ತು ಮಗಳು ಮಾತ್ರ. ಸರಿನಾ?"

ನಾನು ಕಿಟಕಿಯ ಹೊರಗೆ ನೋಡಿದೆ. ರೈಲು ಎಲ್ಲೋ ಒಂದು ರಾಜ್ಯದ ಗಡಿ ದಾಟುತ್ತಿತ್ತು. ಗಡಿಯಲ್ಲಿ ಗೆರೆಯಿಲ್ಲ, ಬೇಲಿಯಿಲ್ಲ. ಅದೇ ಜೌಗು, ಅದೇ ಕಂಬಗಳು.

ಬರ್ನಡೀನ್‌ಗೆ ಮಗ ಬೇಕು, ಮಗಳು ಬೇಡ. ಇವರಿಗೆ ಮಗಳು ಬೇಕು, ಮಗ ಬೇಡ. ಇಡೀ ದೇಶದಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಲು ಇದ್ದದ್ದು ನನ್ನ ಅಡುಗೆಮನೆಯ ಎರಡು ಕುರ್ಚಿ ಮಾತ್ರ.

ಸಮಿತಿಯ ಕೋಣೆ ತಣ್ಣಗಿತ್ತು. ಸಾಕ್ಷಿಗಳ ಮೇಜಿನ ಮೇಲೆ ನೀರಿನ ಲೋಟ, ಮೈಕು. ನನ್ನ ಹೆಸರನ್ನು ತಪ್ಪಾಗಿ ಕರೆದರು. ನಾನು ಹಾಳೆಯನ್ನು ಮುಂದಿಟ್ಟುಕೊಂಡೆ. ಎರಡೂ ಕೈಯನ್ನು ಅದರ ಎರಡು ಬದಿ ಇಟ್ಟೆ. ಮೊದಲ ಸಾಲು ಓದಿದೆ. ನನ್ನ ಹೆಸರು ಅರ್ಡೆಲ್ಲಾ ಮೇಹ್ಯೂ, ಊರು ಚೆಸ್ಟರ್. ಎರಡನೆಯ ಸಾಲಿಗೆ ಬೆರಳು ಬಂತು.

ವೆನಿಟಾಳ ಮುಖ ಕಣ್ಣ ಮುಂದೆ ಬಂತು. ಏನು ಕೊಡ್ತಾರೋ ಓದ್ಬಿಡು ಅಂದಿದ್ದಳು. ಒಂದು ಸಾಲು, ನಾಲ್ಕು ಪದ. ಬಾಯಿ ತೆರೆದು ಅಂದುಬಿಟ್ಟರೆ ಪತ್ರ ಹೋಗುತ್ತದೆ.

ಮಗನನ್ನು ಒಮ್ಮೆ ಹೂತಿದ್ದೆ. ಎರಡನೆಯ ಸಲ ನನ್ನ ಬಾಯಿಂದಲೇ ಹೂಳುವುದು ನನ್ನಿಂದ ಆಗಲಿಲ್ಲ.

ಹಾಳೆಯನ್ನು ಮಗುಚಿ ಇಟ್ಟೆ.

"ನಂಗೆ ಇಬ್ಬರು ಮಕ್ಕಳು" ಅಂದೆ. "ಮೊದಲನೆಯವನು ಲೊರೆಂಜೊ ಅಮೋಸ್ ಮೇಹ್ಯೂ. ಅವನನ್ನ ಕೊಂದ ಪಿಸ್ತೂಲು ಆರು ರಾಜ್ಯದ ಗಡಿ ದಾಟಿ ಬಂತು. ಅದನ್ನ ಯಾರೂ ನಿಲ್ಲಿಸ್ಲಿಲ್ಲ. ಎರಡನೆಯವಳು ವೆನಿಟಾ. ಅವಳ ಪಿಸ್ತೂಲು ಒಂದು ಗಡಿ ದಾಟ್ತು. ಅದು ಯಾರನ್ನೂ ಕೊಲ್ಲಲಿಲ್ಲ. ಅದು ಎಲ್ಲಿದೆ ಅಂತ ಅವಳೇ ಹೇಳಿದ್ಲು. ಅವಳು ಜೈಲಲ್ಲಿದ್ದಾಳೆ. ಅವಳ ಮುಂಚೆ ನಿಂತವನು ಮುಚ್ಚಿಟ್ಟಿದ್ದ. ಅವನು ಮನೆಯಲ್ಲಿದ್ದಾನೆ. ಅವನು ಬಿಳಿಯ. ನಿಮ್ಮ ಮಸೂದೆಯಲ್ಲಿ ಇದರ ವಿಷಯ ಎಲ್ಲಿದೆ ಅಂತ ನಾನು ಹುಡುಕಿದೆ. ನಾನು ನಿಧಾನವಾಗಿ ಓದ್ತೀನಿ, ಆದ್ರೆ ಪೂರ್ತಿ ಓದ್ತೀನಿ. ಅದರಲ್ಲಿ ಇಲ್ಲ."

ನನ್ನನ್ನು ಕರೆಸಿದ ಪ್ರತಿನಿಧಿ ಕಾಗದಗಳನ್ನು ಜೋಡಿಸತೊಡಗಿದರು. ಆ ಕಡೆಯ ಸಾಲಿನಿಂದ ಇನ್ನೊಬ್ಬರು ಮುಂದೆ ಬಾಗಿದರು. ಅವರ ದನಿ ಬೆಣ್ಣೆಯಂತಿತ್ತು.

"ಹಾಗಾದರೆ ತಾವು ಈ ಮಸೂದೆಯನ್ನ ವಿರೋಧಿಸ್ತೀರಿ, ಅಲ್ವೇ ತಾಯಿ?"

"ನಾನು ಹಾಗೆ ಹೇಳಿಲ್ಲ ಸಾರ್. ನಿಮ್ಮ ಈಗಿನ ಕಾನೂನೇ ನನ್ನ ಮಗಳನ್ನ ಒಳಗೆ ಹಾಕಿರೋದು. ಅದನ್ನೂ ಹೊಗಳೋಕೆ ನಂಗೆ ಆಗಲ್ಲ."

"ಹಾಗಾದ್ರೆ ತಮಗೆ ಬೇಕಾಗಿರೋದೇನು?"

ಈ ಪ್ರಶ್ನೆಯನ್ನು ನನ್ನ ಜೀವನದಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ ದಿನ ಅದಕ್ಕೆ, ಸಮಯ ಮುಗಿದರೆ ಹತ್ತುವ ಕೆಂಪು ದೀಪದ ಗಡುವಿತ್ತು. ಬಾಯಿ ತೆರೆಯುವಷ್ಟರಲ್ಲಿ ದೀಪ ಹತ್ತಿತು. ಅಧ್ಯಕ್ಷರು ಧನ್ಯವಾದ ಅಂದರು. ಮುಂದಿನ ಸಾಕ್ಷಿಯನ್ನು ಕರೆದರು.

ಪಡಸಾಲೆಯಲ್ಲಿ ಮಿಸ್ ಹ್ಯಾಡ್ಲಿ ಸಿಕ್ಕಳು. ಅವಳ ಕಣ್ಣು ತೇವವಾಗಿತ್ತು. "ಮೇಡಂ, ನಾನು ಪ್ರಯತ್ನ ಮಾಡ್ತೀನಿ. ಆದ್ರೆ ಪತ್ರದ ವಿಷಯ ಈಗ..." ಅಂದಳು. ಪತ್ರ ಹೋಗಲಿಲ್ಲ. ಆ ವರ್ಷ ಮಸೂದೆಯೂ ಎಲ್ಲೋ ನಿಂತುಹೋಯಿತು.

ಮುಂದಿನ ಶನಿವಾರ ಕೆಜಿಯಾಳನ್ನು ಕರೆದುಕೊಂಡು ಜೈಲಿಗೆ ಹೋದೆ. ಚರ್ಚಿನ ಹಿರಿಯರಾದ ಡೀಕನ್ ಟಾಲಿವರ್ ತಮ್ಮ ಕಾರಿನಲ್ಲಿ ಕರೆದೊಯ್ದರು. ವೆನಿಟಾಗೆ ಸುದ್ದಿ ಮೊದಲೇ ಮುಟ್ಟಿತ್ತು. ಮಗಳನ್ನು ಮುಟ್ಟಿದಳು, ನನ್ನನ್ನು ಮುಟ್ಟಿದಳು, ಕೂತಳು, ಕೈಗಳನ್ನು ಮೇಜಿನ ಮೇಲಿಟ್ಟಳು.

"ಮೂರು ವರ್ಷ ಇದೆ ಅಮ್ಮ. ಇವಳಿಗೆ ಹನ್ನೆರಡಾಗತ್ತೆ. ಅಷ್ಟು ಹೊತ್ತಿಗೆ ಇವಳ ಕಾಲಿನ ಅಳತೆ ನನಗೆ ಗೊತ್ತಿರಲ್ಲ."

"ಗೊತ್ತು ಮಗ."

"ಒಂದು ಸಾಲು ಓದೋಕಾಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲ."

ಅವಳು ಗೋಡೆ ನೋಡಿದಳು. ಅವಳ ಉಗುರುಗಳ ಸುತ್ತ ಚರ್ಮ ಒಡೆದಿತ್ತು. ಅವಳಿಗೂ ಅಲ್ಲಿ ಬಟ್ಟೆ ಒಗೆಯುವ ಕೆಲಸ ಕೊಟ್ಟಿದ್ದರು. ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದರೆ ಅವಳು ಕೊಡಬೇಕಾಗುತ್ತಿತ್ತು. ಅವಳ ಹತ್ತಿರ ಆಗ ಕೊಡುವಂಥದ್ದು ಏನೂ ಇರಲಿಲ್ಲ.

ಹೊತ್ತು ಮುಗಿಯುತ್ತ ಬಂದಾಗ ಗೋಡೆಯನ್ನೇ ನೋಡುತ್ತ ಕೇಳಿದಳು. "ಅಣ್ಣನ ಹೆಸರು ಹೇಳ್ದೆಯಂತೆ."

"ಹೇಳ್ದೆ."

"ಅಮೋಸ್ ಅಂತಾನೂ ಸೇರಿಸಿದ್ಯಾ?"

"ಸೇರಿಸಿದೆ."

"ಅವನಿಗೆ ಆ ಹೆಸರು ಕಂಡ್ರೆ ಆಗ್ತಿರ್ಲಿಲ್ಲ" ಅಂದಳು. ಅವಳ ತುಟಿ ಒಂದು ಕಡೆ ಎಳೆಯಿತು. ನಗುವಲ್ಲ ಅದು. ಆಮೇಲೆ ಗಂಟೆ ಹೊಡೆಯಿತು. ಹೋಗುವಾಗ ಒಂದು ಸಲ ಮುಟ್ಟಬಹುದಲ್ಲ, ಅವಳು ಮಗಳನ್ನು ಮುಟ್ಟಿದಳು. ನನ್ನನ್ನು ಮುಟ್ಟಲಿಲ್ಲ.

ವಾಪಸು ಬರುವಾಗ ಸೇತುವೆಯ ಹತ್ತಿರ ಪೊಲೀಸ್ ಕಾರೊಂದು ನಮ್ಮ ಹಿಂದೆ ಬಂತು. ಡೀಕನ್ ಮಾತು ನಿಲ್ಲಿಸಿದರು. ನಾನು ಹಿಂದಿನ ಸೀಟಿನಲ್ಲಿ ಕೆಜಿಯಾಳ ಪಕ್ಕ ಕೂತಿದ್ದೆ. ಪಕ್ಕಕ್ಕೆ ನೋಡಿದರೆ ಮಗು ಎರಡೂ ಕೈ ಎತ್ತಿ ಮುಂದಿನ ಸೀಟಿನ ಬೆನ್ನಿನ ಮೇಲೆ ಚಪ್ಪಟೆಯಾಗಿ ಇಟ್ಟಿದ್ದಳು. ಬೆರಳು ಅಗಲಿಸಿಕೊಂಡು.

ಅವಳಿಗೆ ನಾನು ಇನ್ನೂ ಕುರ್ಚಿ ಹಾಕಿರಲಿಲ್ಲ.

"ಇದನ್ನ ಯಾರು ಹೇಳ್ಕೊಟ್ರು ಮಗಳೇ?"

"ಅಮ್ಮ ಹೀಗೇ ಇಡ್ತಾಳಲ್ಲ, ಮೇಜಿನ ಮೇಲೆ."

ಪೊಲೀಸ್ ಕಾರು ಹಿಂದೆಯೇ ಇತ್ತು. ಅವಳು ಕೈ ತೆಗೆಯದೆ ಕೇಳಿದಳು. "ಅಜ್ಜಿ, ಅವರು ಬಂದು ಕೇಳಿದ್ರೆ ನಿಜ ಹೇಳ್ಬೇಕಾ, ಬೇಡ್ವಾ?"

ನನ್ನಪ್ಪನಿಗೆ ಉತ್ತರ ಗೊತ್ತಿತ್ತು. ನನಗೂ ಗೊತ್ತಿತ್ತು, ಆ ಭಾನುವಾರದವರೆಗೆ. ಮನೆಯಲ್ಲಿ ಕುರ್ಚಿಗಳಿವೆ. ಸೌಟೂ ಇದೆ. ಹೇಳಿಕೊಡುವ ಮಾತು ನನ್ನ ಹತ್ತಿರ ಇಲ್ಲ.

ಅವಳ ಪುಟ್ಟ ಕೈಗಳನ್ನು ಕೆಳಗಿಳಿಸಿ ನನ್ನ ಕೈಯಲ್ಲಿಟ್ಟುಕೊಳ್ಳಬೇಕು ಅನಿಸಿತು. ಆಗಲಿಲ್ಲ. ನೋಡಿದರೆ ನನ್ನ ಎರಡೂ ಕೈ ಆಗಲೇ ಮೇಲಿದ್ದವು, ಅವಳ ಕೈಗಳ ಪಕ್ಕದಲ್ಲೇ, ಹೊರಗಿನವರಿಗೆ ಕಾಣುವಂತೆ.